ಇಡದೆ ಬಿಟ್ಟ ಆರು ಕುಂಡ

ಹೊಲಕ್ಕೆ ಗೊಬ್ಬರ ಹಾಕುವ ಮುಂಚೆ ನಮ್ಮ ಸಂಸ್ಥೆಯಲ್ಲಿ ಒಂದು ಫಾರಂ ತುಂಬಬೇಕು. ಎಲ್ಲಿಂದ ತಂದದ್ದು, ಯಾವ ಪ್ರಾಣಿಯದು, ರಾಶಿ ಎಷ್ಟು ದಿನ ಬಿಸಿಯಾಗಿತ್ತು, ಎಷ್ಟು ಸಲ ಮಗುಚಿದ್ದು, ಇಂಥವು. ಕೊನೆಯಲ್ಲಿ ಒಂದು ಸಾಲು: ಕುಂಡದ ಪರೀಕ್ಷೆ ಆಗಿದೆಯೇ? ಮೂರು ಕುಂಡಕ್ಕೆ ಗೊಬ್ಬರ ಬೆರೆಸಿದ ಮಣ್ಣು, ಮೂರಕ್ಕೆ ಬರೀ ಮಣ್ಣು ತುಂಬಿ, ಆರಕ್ಕೂ ಹುರುಳಿಕಾಯಿ ಬೀಜ ಊರಿ, ಮೂರು ವಾರ ಕಾದು ಎಲೆ ನೋಡುವುದು. ಅಷ್ಟೇ ಪರೀಕ್ಷೆ. ಹೋದ ವರ್ಷ ಮಾರ್ಚಿನಲ್ಲಿ ಆ ಸಾಲಿನ ಎದುರು ನಾನು "ಅಗತ್ಯವಿಲ್ಲ" ಎಂದು ಬರೆದು ಸಹಿ ಹಾಕಿದೆ.

ಸಂಸ್ಥೆಯ ಕಚೇರಿ ಓಕ್ಲ್ಯಾಂಡಿನಲ್ಲಿ. ಹೊಲ ಇರುವುದು ದಕ್ಷಿಣಕ್ಕೆ, ಸ್ಯಾನ್ ಹೊಸೆ ಮುಗಿದು ಗಿಲ್ರಾಯ್ ಕಡೆ ಹೋಗುವ ದಾರಿಯಲ್ಲಿ. ಬೇರೆಯವರ ತೋಟಗಳಲ್ಲಿ ಕೂಲಿ ಮಾಡುವವರಿಗೆ ಅಲ್ಲಿ ಅರ್ಧರ್ಧ ಎಕರೆ ಕೊಡುತ್ತೇವೆ. ನೀರು, ಟ್ರ್ಯಾಕ್ಟರು, ತರಬೇತಿ ಸಂಸ್ಥೆಯದು. ಅವರು ಮೂರು ವರ್ಷ ಬೆಳೆದು ತೋರಿಸಬೇಕು. ಮೂರನೆಯ ವರ್ಷದ ಬೆಳೆ ನೋಡಿ ಒಂದು ಸಮಿತಿ ಇಬ್ಬರನ್ನು ಆರಿಸುತ್ತದೆ. ಆ ಇಬ್ಬರಿಗೆ ಪಕ್ಕದ ಕಣಿವೆಯಲ್ಲಿ ಐದೈದು ಎಕರೆ ದೀರ್ಘ ಗುತ್ತಿಗೆಗೆ ಸಿಗುತ್ತದೆ. ಉಳಿದವರು ಜಾಗ ಖಾಲಿ ಮಾಡಬೇಕು, ಹೊಸಬರು ಕಾದಿರುತ್ತಾರೆ. ಕೂಲಿಯವರನ್ನು ಬೇಸಾಯಗಾರರನ್ನಾಗಿ ಮಾಡಿದರೆ ಬಡತನ ಕಡಿಮೆಯಾಗುತ್ತದೆ ಎನ್ನುವುದು ನಮ್ಮ ನಂಬಿಕೆ. ಅದು ನನ್ನ ನಂಬಿಕೆಯೂ ಹೌದು. ಫ್ರೀವೇಯಲ್ಲಿ ಹೋಗುವವರಿಗೆ ಈ ಕಡೆ ಬಡತನ ಕಾಣುವುದಿಲ್ಲ. ಒಂದೊಂದು ಗ್ಯಾರೇಜಿನಲ್ಲಿ ಎರಡೆರಡು ಸಂಸಾರ ಇರುವುದು ಒಳಗೆ ಹೋದವರಿಗೆ ಮಾತ್ರ ಗೊತ್ತು.

ನಾನು ಅಲ್ಲಿ ಮಣ್ಣು, ಗೊಬ್ಬರ, ನೀರಿನ ಸಲಹೆಗಾರ್ತಿ. ಫ್ರೀಮಾಂಟಿನ ಕನ್ನಡದವರ ಮನೆಗಳಲ್ಲಿ ಯಾರಾದರೂ "ನಿಮ್ದು ಯಾವ ಕಂಪನಿ?" ಎಂದು ಕೇಳಿದರೆ "ಹೊಲ" ಅನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ನನಗೆ ಅದರಲ್ಲಿ ನಾಚಿಕೆಯೇನೂ ಇಲ್ಲ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳೇ ನಾನು ಮೊದಲು. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನಮ್ಮವ್ವ ಬೇರೆಯವರ ತಿಪ್ಪೆಯಿಂದ ಬೇರೆಯವರ ಗದ್ದೆಗೆ ಮಂಕರಿಯಲ್ಲಿ ಗೊಬ್ಬರ ಹೊತ್ತು ನನ್ನನ್ನು ಕೃಷಿ ಕಾಲೇಜಿಗೆ ಕಳಿಸಿದಳು.

ಈ ಕಥೆ ಏಳನೇ ನಂಬರಿನ ಹೊಲದ ಬೇಸಾಯಗಾರ್ತಿಯದು. ಮೆಕ್ಸಿಕೋದ ದಕ್ಷಿಣದ ಬೆಟ್ಟಸೀಮೆಯವರು, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು. ನಮ್ಮ ಹೊಲಕ್ಕೆ ಬರುವ ಮುಂಚೆ ಹನ್ನೊಂದು ವರ್ಷ ಅಣಬೆ ಬೆಳೆಯುವ ಶೆಡ್ಡುಗಳಲ್ಲಿ ಹಣೆಗೆ ದೀಪ ಕಟ್ಟಿಕೊಂಡು, ಸಣ್ಣ ಚಾಕುವಿನಲ್ಲಿ ಅಣಬೆ ಕೊಯ್ದವರು. ಅಲ್ಲಿನ ತೇವಕ್ಕೆ ಎದೆ ಕೆಟ್ಟು ಉಬ್ಬಸ ಬಂದಿತ್ತು. "ಅಣಬೆಗೆ ಬಿಸಿಲು ಆಗಲ್ಲ. ನನಗೆ ಆಗುತ್ತೆ. ಇದನ್ನ ಹೇಳೋಕೆ ನನಗೆ ಹನ್ನೊಂದು ವರ್ಷ ಬೇಕಾಯ್ತು" ಎಂದು ಮೊದಲ ದಿನವೇ ನಗಾಡಿದ್ದರು. ಅವರು ಆಡುತ್ತಿದ್ದುದು ಸ್ಪ್ಯಾನಿಶ್, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ನಾಡಿನಲ್ಲಿ ಕೃಷಿ ಓದಿದವರನ್ನೂ ಇಂಜಿನಿಯರ್ ಎಂದೇ ಕರೆಯುತ್ತಾರೆ. ನನಗೂ ಹಾಗೇ, "ಇಂಜಿನಿಯರಮ್ಮ" ಅನ್ನುತ್ತಿದ್ದರು.

ಎರಡು ವರ್ಷ ಚೆನ್ನಾಗಿ ಬೆಳೆದರು. ತಮ್ಮೂರಿನ ಒಂದು ಕಪ್ಪು ಮೆಣಸಿನಕಾಯಿಯ ಬೀಜ ಅವರಲ್ಲಿತ್ತು. ಒಣಗಿಸಿದರೆ ಅದರ ವಾಸನೆಯೇ ಬೇರೆ. ಓಕ್ಲ್ಯಾಂಡಿನ ಎರಡು ಹೋಟೆಲಿನವರು ಮೂರನೇ ವರ್ಷದ ಬೆಳೆಯನ್ನು ತಾವೇ ಕೊಳ್ಳುತ್ತೇವೆಂದು ಪತ್ರ ಕೊಟ್ಟಿದ್ದರು. ಜೊತೆಗೆ ಟೊಮೆಟೊ, ಹುರುಳಿಕಾಯಿ. ಸಮಿತಿಗೆ ಕೊಟ್ಟ ಯೋಜನೆಯಲ್ಲಿ ಈ ಮೂರೂ ಇದ್ದವು. ಐದು ಎಕರೆ ಅವರಿಗೇ ಎಂದು ಅಕ್ಕಪಕ್ಕದ ಹೊಲದವರೂ ಮಾತಾಡುತ್ತಿದ್ದರು.

ಗೊಬ್ಬರ ಹುಡುಕಿದವಳು ನಾನು. ಬೆಟ್ಟದ ಬುಡದಲ್ಲಿ ಒಂದು ಕುದುರೆ ಲಾಯವಿತ್ತು. ಅದರ ಯಜಮಾನ ಲದ್ದಿಯನ್ನು ಸಾಗಿಸಲಾಗದೆ ಒದ್ದಾಡುತ್ತಿದ್ದ. ಹುಲ್ಲಿಗೆ ಏನಾದರೂ ಔಷಧಿ ಹೊಡೆಯುತ್ತೀರಾ ಎಂದು ಕೇಳಿದೆ. ಏನೂ ಇಲ್ಲ ಅಂದ. ಅಕ್ಟೋಬರಿನಲ್ಲಿ ಟ್ರಕ್ಕಿನಲ್ಲಿ ತರಿಸಿ ಉದ್ದಕ್ಕೆ ರಾಶಿ ಹಾಕಿಸಿದೆ. ದಿನವೂ ಉದ್ದನೆಯ ಕಡ್ಡಿಯ ಥರ್ಮಾಮೀಟರು ಚುಚ್ಚಿ ಬಿಸಿ ಬರೆದಿಟ್ಟೆವು. ನಿಯಮದಂತೆ ಹದಿನೈದು ದಿನ ಬಿಸಿ ಇಳಿಯದ ಹಾಗೆ ನೋಡಿಕೊಂಡು, ಐದು ಸಲ ಮಗುಚಿ, ಆಮೇಲೆ ಚಳಿಗಾಲ ಪೂರ್ತಿ ಮಾಗಲು ಬಿಟ್ಟೆವು. ಫಾರಂನ ಅಷ್ಟೂ ಸಾಲುಗಳನ್ನು ನಾನು ಪ್ರಾಮಾಣಿಕವಾಗಿ ತುಂಬಿದ್ದೇನೆ, ಕೊನೆಯದೊಂದು ಬಿಟ್ಟು.

ಮಾರ್ಚಿನಲ್ಲಿ ಮಳೆ ಬಿಡಲಿಲ್ಲ. ಗೊಬ್ಬರ ಹರಡುವ ಯಂತ್ರ ನಮ್ಮ ಸ್ವಂತದ್ದಲ್ಲ, ಬಾಡಿಗೆಯದು. ಒಂದು ವಾರಕ್ಕೆ ಬರುತ್ತದೆ, ಹೋದರೆ ಮತ್ತೆ ತಿಂಗಳು. ಮಣ್ಣು ಆರುವ ಹೊತ್ತಿಗೆ ಆ ವಾರದಲ್ಲಿ ಮೂರು ದಿನ ಉಳಿದಿತ್ತು. ಸಸಿಮನೆಯಲ್ಲಿ ಟೊಮೆಟೊ ಸಸಿಗಳು ಆಗಲೇ ಉದ್ದುದ್ದ ಸೊರಗುತ್ತಿದ್ದವು. ಕುಂಡ ಇಟ್ಟು ಮೂರು ವಾರ ಕಾಯುವಂತಿರಲಿಲ್ಲ. ಫೆಬ್ರವರಿಯಲ್ಲೇ ಇಡಬಹುದಿತ್ತು. ಇಡಲಿಲ್ಲ. ಆ ಪರೀಕ್ಷೆಯನ್ನು ಫಾರಂನಲ್ಲಿ ಕಡ್ಡಾಯ ಎಂದಿರಲಿಲ್ಲ, ಸಲಹೆ ಎಂದಿತ್ತು. ಅಲ್ಲಿಯವರೆಗೆ ಯಾವ ರಾಶಿಯೂ ಕೆಟ್ಟಿರಲಿಲ್ಲ.

ಆ ಶನಿವಾರ ಅವ್ವ ನನ್ನ ಜೊತೆ ಹೊಲಕ್ಕೆ ಬಂದಿದ್ದಳು. ಜನವರಿಯಲ್ಲಿ ಆರು ತಿಂಗಳಿಗೆಂದು ಬಂದವಳಿಗೆ ಫ್ರೀಮಾಂಟಿನ ಅಪಾರ್ಟ್‌ಮೆಂಟು ಬೇಸರ ಬಂದು, ವಾರಕ್ಕೊಮ್ಮೆ ನನ್ನ ಕಾರು ಹತ್ತುತ್ತಿದ್ದಳು. ಅವಳಿಗೂ ಏಳನೇ ನಂಬರಿನವರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಇಬ್ಬರೂ ಸಾಲಿನ ತುದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಗಂಟೆಗಟ್ಟಲೆ ಕಳೆ ಕೀಳುತ್ತಿದ್ದರು.

"ಇಲ್ಲಿ ಕುದ್ರೆಯ ಯಾಕೆ ಸಾಕವ್ರೆ? ಗಾಡಿಗಾ?" ಎಂದು ಅವ್ವ ಕೇಳಿದಳು.

"ಇಲ್ಲವ್ವ, ಶೋಕಿಗೆ. ಮೇಲೆ ಕೂತು ತಿರುಗಕ್ಕೆ."

"ಹಂಗಾದ್ರೆ ಚೆನ್ನಾಗಿ ಮೇಯ್ಸಿರ್ತಾರೆ ಬುಡು."

ಸೀರೆ ಎತ್ತಿ ಕಟ್ಟಿ ರಾಶಿಗೆ ಮೊಣಕೈವರೆಗೆ ಕೈ ತೂರಿಸಿದಳು. ಒಳಗಿನಿಂದ ಒಂದು ಹಿಡಿ ತೆಗೆದು ಅದುಮಿದಳು, ಬಿಟ್ಟಳು, ಅದು ಪುಡಿಯಾಗಿ ಉದುರಿತು. ಮೂಸಿ ನೋಡಿದಳು. ಏಳನೇ ನಂಬರಿನವರಿಗೂ ಮೂಸಲು ಕೊಟ್ಟಳು. ಅವರೂ ಮೂಸಿ ತಲೆದೂಗಿದರು.

"ಮಣ್ಣಾಗ್ಬುಟ್ಟದೆ ಕಣವ್ವ. ಹುಳಾನೂ ಅವೆ ನೋಡು. ಹಾಕ್ಸು, ಏನ್ ಯೋಚ್ನೆ ಮಾಡ್ತಾ ನಿಂತಿದೀಯ?"

ಫಾರಂಗೆ ಅಲ್ಲೇ, ಕಾರಿನ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದೆ. ಸಮಯ ಇರಲಿಲ್ಲ ಎನ್ನುವುದು ಅರ್ಧ ನಿಜ. ಉಳಿದರ್ಧವನ್ನೂ ಹೇಳಿಬಿಡುತ್ತೇನೆ. ನಾನು ಓದಿದ್ದೆಲ್ಲ ಅವ್ವನ ಕೈಗೆ ಮುಂಚೆಯೇ ಗೊತ್ತಿತ್ತು ಎಂದು ನನಗೆ ಒಳಗೊಳಗೇ ಹೆಮ್ಮೆ. ಯಾವ ಕಾಗದವೂ ಕೇಳದಿದ್ದ ಆ ಕೈಯನ್ನು ಒಂದು ಕಾಗದವಾದರೂ ನಂಬಲಿ ಅನ್ನಿಸಿತು. ಗೊಬ್ಬರ ಎಂದರೆ ಒಳ್ಳೆಯದೇ, ಹಸಿಯಿದ್ದರೆ ಮಾತ್ರ ಕೆಟ್ಟದ್ದು ಎಂಬುದು ನಮ್ಮ ಕಡೆಯವರಲ್ಲಿ ಎಷ್ಟು ಆಳಕ್ಕಿಳಿದಿದೆಯೆಂದರೆ ನನ್ನ ಎರಡು ಡಿಗ್ರಿಗಳೂ ಅದನ್ನು ಅಲುಗಿಸಿರಲಿಲ್ಲ.

ಏಪ್ರಿಲ್ ಎರಡನೇ ವಾರ ಸಸಿ ನೆಟ್ಟೆವು. ಮೇ ಮಧ್ಯದಲ್ಲಿ ಒಂದು ಬೆಳಿಗ್ಗೆ ಅವರ ಫೋನು ಬಂತು. "ಇಂಜಿನಿಯರಮ್ಮ, ಟೊಮೆಟೊ ಮುದುಡಿಕೊಳ್ತಾ ಇದೆ. ಬನ್ನಿ."

ಹೋಗಿ ನೋಡಿದೆ. ಹಳೆಯ ಎಲೆಗಳು ಸರಿಯಾಗಿದ್ದವು. ಹೊಸ ಚಿಗುರು ಮಾತ್ರ ಜರೀಗಿಡದ ಸುರುಳಿಯಂತೆ ಒಳಕ್ಕೆ ಸುತ್ತಿಕೊಂಡು, ಎಲೆ ಎಳೆಎಳೆಯಾಗಿ ಸಣ್ಣಗಾಗಿತ್ತು. ಕಾಂಡ ತಿರುಚಿತ್ತು. ಹುರುಳಿಕಾಯಿಯ ಎಲೆ ಬಟ್ಟಲಿನಂತೆ ಮೇಲಕ್ಕೆ ಮಡಚಿತ್ತು. ಕಪ್ಪು ಮೆಣಸಿನಕಾಯಿ ಸಸಿಗಳೂ ಅದೇ ದಾರಿ ಹಿಡಿದಿದ್ದವು.

ನೀರು ಹೆಚ್ಚಾಯಿತೇನೋ ಎಂದು ಎರಡು ದಿನ ಡ್ರಿಪ್ಪು ನಿಲ್ಲಿಸಿದೆ. ವೈರಸ್ಸು ಇರಬಹುದೆಂದು ಎಲೆ ಕಿತ್ತು ಲ್ಯಾಬಿಗೆ ಕಳಿಸಿದೆ, ಇಲ್ಲ ಎಂದು ಬಂತು. ಪಕ್ಕದ ದೊಡ್ಡ ತೋಟದವರು ಕಳೆನಾಶಕ ಹೊಡೆದು ಗಾಳಿಗೆ ಬಂದಿರಬಹುದೆಂದು ಔಷಧಿ ಹೊಡೆದ ದಿನ ಬರೆದಿಡುವ ಅವರ ಪುಸ್ತಕ ಕೇಳಿ ನೋಡಿದೆ. ಗಾಳಿ ಬೀಸುವ ದಿಕ್ಕಿಗೂ ಹೊಡೆದ ದಿನಕ್ಕೂ ತಾಳೆಯಾಗಲಿಲ್ಲ. ಹತ್ತು ದಿನ ಹೀಗೆ ಹೋಯಿತು. ಆ ಹತ್ತು ದಿನವೂ ಅವರು ನಾನು ಹೇಳಿದ್ದನ್ನೆಲ್ಲ ಮಾಡಿದರು. ಗೊಬ್ಬರದ ವಿಷಯ ನನಗೆ ಹೊಳೆಯಲಿಲ್ಲವೋ, ಹೊಳೆಯಲು ನಾನು ಬಿಡಲಿಲ್ಲವೋ, ಈಗಲೂ ಹೇಳಲಾರೆ.

ಕಂಡುಹಿಡಿದವರು ಅವರೇ. "ಕೊನೇ ಎರಡು ಸಾಲಿಗೆ ಯಾಕೆ ಏನೂ ಆಗಿಲ್ಲ?" ಅಂದರು.

ಪೂರ್ವದ ಅಂಚಿನಲ್ಲಿ ಎರಡು ಸಾಲು ಟೊಮೆಟೊ ಹಸಿರಾಗಿ, ಅಗಲ ಎಲೆ ಬಿಟ್ಟು ನಿಂತಿತ್ತು. ಅದೇ ಸಸಿ, ಅದೇ ನೀರು. ಗೊಬ್ಬರ ಹರಡಿದ ದಿನ ಯಂತ್ರದಲ್ಲಿ ಗೊಬ್ಬರ ಮುಗಿದದ್ದು ಆ ಸಾಲುಗಳ ಹತ್ತಿರ. ಇನ್ನು ಯಂತ್ರ ತಿರುಗುವ ಪಶ್ಚಿಮದ ತುದಿಯಲ್ಲಿ ಗೊಬ್ಬರ ದಪ್ಪಗೆ ಬಿದ್ದಿತ್ತು. ಅಲ್ಲಿ ಗಿಡಗಳು ನೋಡುವ ಹಾಗಿರಲಿಲ್ಲ.

ಹೊಲದಲ್ಲೇ ನಿಂತು ಲಾಯದವನಿಗೆ ಫೋನು ಮಾಡಿದೆ. ಅವನು, "ನಮ್ಮ ಹುಲ್ಲಿಗೆ ಏನೂ ಹೊಡೆದಿಲ್ಲ. ಆದರೆ ಸೆಪ್ಟೆಂಬರಲ್ಲಿ ಹುಲ್ಲು ಸಾಲದೆ ಬೇರೆ ರಾಜ್ಯದಿಂದ ಒಂದು ಲೋಡು ತರಿಸಿದ್ದೆ. ಅದಕ್ಕೇನು ಹೊಡೆದಿದ್ದರೋ ನಾನು ಕೇಳಲಿಲ್ಲ" ಅಂದ.

ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಒಂದು ಜಾತಿಯ ಔಷಧಿ ಇದೆ. ಹುಲ್ಲನ್ನು ಅದು ಮುಟ್ಟುವುದಿಲ್ಲ. ಹುಲ್ಲು ತಿಂದ ಕುದುರೆಗೂ ಏನೂ ಆಗುವುದಿಲ್ಲ. ಕುದುರೆಯ ಹೊಟ್ಟೆಯಿಂದ ಹಾಗೆಯೇ ಹೊರಗೆ ಬಂದು, ರಾಶಿಯ ಬಿಸಿಗೂ ಜಗ್ಗದೆ ಕೂತಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಕೈಗೆ ಸಿಗುವುದಿಲ್ಲ, ಎರೆಹುಳು ಸಾಯುವುದಿಲ್ಲ. ಹುರುಳಿಕಾಯಿ ಗಿಡ ಮಾತ್ರ ಅದನ್ನು ಹೇಳುತ್ತದೆ. ಅದಕ್ಕೇ ಆ ಆರು ಕುಂಡ. ಕ್ಲಾಸಿನಲ್ಲಿ ಇದನ್ನು ನಾನೇ ಈ ಜನಕ್ಕೆ ಪಾಠ ಮಾಡಿದ್ದೆ.

ಅವರಿಗೆ ಅಲ್ಲೇ ಹೇಳಿದೆ. ಸ್ಪ್ಯಾನಿಶ್‌ನಲ್ಲಿ ನನಗೆ ಮೆತ್ತಗೆ ಹೇಳುವಷ್ಟು ಮಾತು ಬರುವುದಿಲ್ಲ. "ಗೊಬ್ಬರದಲ್ಲಿ ವಿಷ ಇತ್ತು. ನಾನು ಪರೀಕ್ಷೆ ಮಾಡಬೇಕಿತ್ತು. ಮಾಡಲಿಲ್ಲ." ಅವರು ಮೆಣಸಿನಕಾಯಿ ಗಿಡದ ಒಂದು ಎಲೆಯನ್ನು ಬೆರಳಲ್ಲಿ ಬಿಡಿಸಲು ನೋಡಿದರು. ಅದು ಮತ್ತೆ ಮಡಚಿಕೊಂಡಿತು. "ಬಿಸಿಲು ಬಂದ ಮೇಲೆ ಸರಿಹೋಗುತ್ತಾ?" ಅಂದರು. ಇಲ್ಲ ಅಂದೆ.

ಆ ಸಂಜೆ ಗಂಡನ ಜೊತೆ ಕಾರಿನಲ್ಲಿ ಬರುತ್ತಿದ್ದೆ. ಅವನು ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿದ್ದಾನೆ, ಬೆಂಗಳೂರಿನವನು. ಫ್ರೀವೇ ಇಂಚಿಂಚಾಗಿ ಸರಿಯುತ್ತಿತ್ತು.

"ರಿಪೋರ್ಟಲ್ಲಿ ಏನು ಬರೀತೀಯ?" ಅಂದ.

"ಆಗಿದ್ದು."

"ಲಾಯದವನು ತಪ್ಪು ಮಾಹಿತಿ ಕೊಟ್ಟ ಅಂತ ಬರಿ. ಅದು ಸುಳ್ಳಲ್ಲ ತಾನೆ? ನಿನ್ನ ಹೆಸರು ಯಾಕೆ ಮಧ್ಯ ತರ್ತೀಯ? ಟೆಸ್ಟು ಕಂಪಲ್ಸರಿ ಅಲ್ಲ ಅಂತ ನೀನೇ ಹೇಳ್ದೆ."

"ಲಾಯದವನ ಮೇಲೆ ಹಾಕಿದ್ರೆ ಅದು ಬೇಸಾಯದಲ್ಲಿ ಆಗೋ ನಷ್ಟ ಅಂತ ಫೈಲು ಮುಚ್ತಾರೆ. ಸಂಸ್ಥೆ ತಪ್ಪು ಅಂದ್ರೆ ಅವರಿಗೆ ಇನ್ನೊಂದು ವರ್ಷ ಕೊಡಿ ಅಂತ ಕೇಳಬಹುದು."

"ಕೆಲಸ ಹೋದ್ರೆ?" ಅಂದ.

"ಹೋದ್ರೆ ನೋಡೋಣ."

ನಾಲ್ಕು ಪುಟ ಬರೆದೆ. ನನ್ನ ಸಹಿಯಿದ್ದ ಫಾರಂ ಲಗತ್ತಿಸಿದೆ. ಅವ್ವನ ಹೆಸರು ಬರೆಯಲಿಲ್ಲ. ನಿರ್ಧಾರ ನನ್ನದು, ಸಹಿ ನನ್ನದು. ವರದಿಯ ಜೊತೆಗಿಡಲು ಆರು ಕುಂಡಗಳನ್ನೂ ಆಗ ಇಟ್ಟೆ. ಮೂರು ವಾರಕ್ಕೆ ಮೂರರಲ್ಲಿ ಎಲೆ ಬಟ್ಟಲಾಯಿತು, ಮೂರರಲ್ಲಿ ಅಗಲವಾಗಿ ಬಿಚ್ಚಿತು. ಫೋಟೋ ತೆಗೆದು ಕಳಿಸಿದೆ.

ಅವ್ವನಿಗೆ ಹೇಳದಿರಬಹುದಿತ್ತು. ಆದರೆ ಶನಿವಾರ ಬಂದರೆ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹೇಳಿದೆ. ಅವಳು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು.

"ಹುಲ್ಲಿಗೆ ಇಸ ಹಾಕುದ್ರೆ ಕುದ್ರೆ ಸಾಯಲ್ವಾ?"

"ಸಾಯಲ್ಲವ್ವ."

"ಲದ್ದಿ ನಾತ ಬರಲ್ವಾ?"

"ಬರಲ್ಲ."

"ಮತ್ತೆ ನಾನ್ ಹೆಂಗವ್ವ ಕಂಡ್ಹಿಡೀಲಿ?"

"ನೀನಲ್ಲ, ನಾನು ಕಂಡುಹಿಡೀಬೇಕಿತ್ತು. ನೀನು ಅದಕ್ಕೇ ನನ್ನ ಓದ್ಸಿದ್ದು."

ಈ ಮಾತನ್ನು ಸಮಾಧಾನಕ್ಕೆಂದು ಆಡಿದೆ. ಅವಳ ಮುಖ ನೋಡಿದ ಮೇಲೆ, ಆಡಬಾರದಿತ್ತು ಅನ್ನಿಸಿತು.

ಮುಂದಿನ ಶನಿವಾರ ಹೋಗಿಯೇ ತೀರುತ್ತೇನೆಂದು ಬಂದಳು. ಏಳನೇ ನಂಬರಿನವರ ಎದುರು ನಿಂತು, "ನನ್ ಕೈ ನಂಬ್ಕಂಡು ಹಾಕುದ್ರಿ ಅಂತ ಹೇಳು" ಎಂದು ನನಗೆ ಹೇಳಿದಳು. ನಾನು ಸ್ಪ್ಯಾನಿಶ್‌ಗೆ ತಿರುಗಿಸಿದೆ. ಅವರು ಅವ್ವನ ಆ ಕೈಯನ್ನೇ ಹಿಡಿದುಕೊಂಡು, "ನಾನೂ ಮೂಸಿದ್ದೆ. ನನಗೂ ಒಳ್ಳೇದೇ ಅನ್ನಿಸಿತ್ತು" ಅಂದರು. ಅದನ್ನು ಕನ್ನಡಕ್ಕೆ ತಿರುಗಿಸಿ ಅವ್ವನಿಗೆ ಹೇಳಿದೆ.

ಗಿಡಗಳನ್ನು ಕಿತ್ತೆವು. ಮುಸುಕಿನ ಜೋಳ ಹುಲ್ಲಿನ ಜಾತಿ, ಈ ಔಷಧಿ ಅದನ್ನು ಮುಟ್ಟುವುದಿಲ್ಲ. ಜೂನ್ ಮೊದಲ ವಾರ ಪೂರ್ತಿ ಹೊಲಕ್ಕೆ ಜೋಳ ಹಾಕಿಸಿದೆ. ಖಾಲಿ ಹೊಲ ತೋರಿಸುವುದಕ್ಕಿಂತ ಬೆಳೆದ ಹೊಲ ತೋರಿಸೋಣ ಎಂದು ನನ್ನ ಲೆಕ್ಕಾಚಾರ. ಜೋಳ ಅವರಿಗೆ ಯಾರೂ ಹೇಳಿಕೊಡಬೇಕಾದ ಬೆಳೆಯಲ್ಲ. ಆಗಸ್ಟಿಗೆ ಆಳೆತ್ತರ ದಾಟಿತು. ಅಷ್ಟು ಹೊತ್ತಿಗೆ ಅವ್ವ ಊರಿಗೆ ಹೊರಟಾಗಿತ್ತು. ವಿಮಾನ ನಿಲ್ದಾಣದಲ್ಲಿ ಕೇಳಿದ್ದು ಒಂದೇ: "ಆ ತಾಯಿಗೆ ಜಮೀನು ಕೊಡ್ತಾರಾ?" ಕೊಡಿಸ್ತೀನಿ ಅಂದೆ.

ಸಮಿತಿಯಲ್ಲಿ ಐದು ಜನ. ಹೊಲ ಸುತ್ತಿ ಬಂದು ಶೆಡ್ಡಿನ ಮೇಜಿನ ಸುತ್ತ ಕೂತರು. ಜೋಳ ಬಹಳ ಚೆನ್ನಾಗಿದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಯೋಜನೆಯ ಕಾಗದ ತೆರೆದು ಮೂರು ಬೆಳೆಯ ಹೆಸರು ಓದಿದರು. ಮೂರರಲ್ಲಿ ಒಂದೂ ಹೊಲದಲ್ಲಿರಲಿಲ್ಲ. ಹೋಟೆಲಿನವರು ಮೆಣಸಿನಕಾಯಿ ಇಲ್ಲದ ಮೇಲೆ ಪತ್ರ ವಾಪಸು ಪಡೆದಿದ್ದರು.

ನಾನು ಎದ್ದು ನಿಂತು ಮಾತಾಡಿದೆ. ತಪ್ಪು ಸಂಸ್ಥೆಯದು, ನನ್ನದು. ಅವರಿಗೆ ಬೇರೆ ಹೊಲದಲ್ಲಿ ಒಂದು ವರ್ಷ ಕೊಡಿ, ಮತ್ತೆ ನೋಡಿ. ಅಧ್ಯಕ್ಷರು ಕೆಟ್ಟವರಲ್ಲ, ಅವರೂ ಒಂದು ಕಾಲಕ್ಕೆ ಹಣ್ಣು ಕೊಯ್ದವರೇ. "ಬೇರೆ ಹೊಲ ಖಾಲಿ ಇಲ್ಲ. ಈ ಹೊಲ ಕೊಟ್ಟರೆ, ಎರಡು ವರ್ಷದಿಂದ ಕಾಯ್ತಿರೋ ಸಂಸಾರವೊಂದು ಇನ್ನೊಂದು ವರ್ಷ ಕಾಯಬೇಕು. ಕಾಯಬೇಕಾದ ಸಂಸಾರ ಯಾವುದು ಅಂತ ನೀವು ಆರಿಸ್ತೀರಾ?" ಎಂದು ಕೇಳಿದರು. ಐದೈದು ಎಕರೆ ಬೇರೆ ಇಬ್ಬರಿಗೆ ಹೋಯಿತು. ಅವರೂ ಕಷ್ಟಪಟ್ಟವರೇ.

ನನ್ನ ಕೆಲಸ ಹೋಗಲಿಲ್ಲ. ಒಂದು ಎಚ್ಚರಿಕೆ ಪತ್ರ ಬಂತು. ನಿಜ ಹೇಳಿದ್ದಕ್ಕೆ ಮೇಲಧಿಕಾರಿ ಕೈಕುಲುಕಿದರು. ಕುಂಡದ ಪರೀಕ್ಷೆ ಈಗ ಕಡ್ಡಾಯವಾಗಿದೆ, ಅದರ ತರಬೇತಿ ಕೊಡುವುದೂ ನಾನೇ. ತಪ್ಪು ಮಾಡಿದವಳಿಗೆ ತಿದ್ದಿಕೊಳ್ಳಲು ಒಂದು ವರ್ಷ ಸಿಕ್ಕಿತು. ಮಾಡದವರಿಗೆ ಸಿಗಲಿಲ್ಲ.

ಅಕ್ಟೋಬರ್ ಕೊನೆಗೆ ಹೊಲ ಬಿಡುವ ದಿನ. ಜೋಳದ ಕಡ್ಡಿಯನ್ನು ಅವರು ನೆಂಟರ ಮೇಕೆಗಳಿಗೆ ಕೊಡಬೇಕೆಂದು ಕಟ್ಟು ಕಟ್ಟಿಟ್ಟಿದ್ದರು. ಕೊಡಬಾರದು ಎಂದು ಅದನ್ನೂ ನಾನೇ ಹೇಳಬೇಕಾಯಿತು. ಕಡ್ಡಿಯಲ್ಲಿ ಔಷಧಿ ಉಳಿದಿರಬಹುದು, ಮೇಕೆ ಹಿಕ್ಕೆ ಇನ್ಯಾರದೋ ಹೊಲಕ್ಕೆ ಹೋಗಬಹುದು. ಇಬ್ಬರೂ ಸೇರಿ ಕಟ್ಟುಗಳನ್ನು ಕಸದ ಕಂಟೇನರಿಗೆ ಎಸೆದೆವು.

"ಜೋಳದ ಕಡ್ಡಿ ಕಸಕ್ಕೆ ಹಾಕಿದೆ ಅಂತ ಊರಲ್ಲಿ ಗೊತ್ತಾದ್ರೆ ನನ್ನ ಒಳಗೆ ಸೇರಿಸಲ್ಲ" ಎಂದು ನಕ್ಕರು. ಆಮೇಲೆ ಕೇಳಿದರು, "ಇಲ್ಲಿಗೆ ಯಾರು ಬರ್ತಾರೆ?"

"ಒಂದು ಗಂಡ ಹೆಂಡತಿ. ಸೋಮವಾರ."

"ಮಣ್ಣಿನ ವಿಷಯ ಅವರಿಗೆ ನೀವೇ ಹೇಳಿ. ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂದ್ಕೋತಾರೆ."

ಮುಂದೇನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೂ ಹೇಳಲಿಲ್ಲ. ಗೇಟಿನ ಕೀ ಕೊಟ್ಟು, ಕೈ ಕುಲುಕಿ, ಟ್ರಕ್ಕು ಹತ್ತಿ ಹೋದರು.

ಸೋಮವಾರ ಹೊಸ ದಂಪತಿ ಬಂದರು. ಹೊಲದ ಅಂಚಿನಲ್ಲಿ ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಈ ಮಣ್ಣನ್ನು ಕೆಡಿಸಿದ್ದು ನಾನು. ಎರಡು ವರ್ಷ ಇಲ್ಲಿ ಜೋಳ, ಈರುಳ್ಳಿ, ಬೆಳ್ಳುಳ್ಳಿ ಮಾತ್ರ. ಟೊಮೆಟೊ, ಮೆಣಸಿನಕಾಯಿ ಬೇಡ. ಗಂಡ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸಿದ. ಮೂಸಿದರೆ ಗೊತ್ತಾಗುವುದಿಲ್ಲ ಅಂದೆ.

ಹೆಂಡತಿ, "ಮುಂಚೆ ಇಲ್ಲಿದ್ದವರು ಯಾರು?" ಎಂದು ಕೇಳಿದಳು. ಹೆಸರು ಹೇಳಿದೆ.

ಅವಳು ಗಂಡನ ಮುಖ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು. "ಗೊತ್ತು. ನಾವು ಬಂದಿರೋದೂ ಅಣಬೆ ಶೆಡ್ಡಿಂದಲೇ. ಮೊನ್ನೆ ಶುಕ್ರವಾರ ಅಲ್ಲಿ ನನ್ನ ಕೊನೇ ದಿನ. ನನ್ನ ಜಾಗಕ್ಕೆ ಬರೋರಿಗೆ ಹಣೆ ದೀಪ, ಚಾಕು ಕೊಟ್ಟು ಹೋಗು ಅಂತ ಮೇಸ್ತ್ರಿ ಹೇಳಿದ್ದ. ಬಂದೋರು ಅವರೇ. ಅವರ ಕೈಗೇ ಕೊಟ್ಟು ಬಂದೆ."